ಮಹಡಿ ಇಳಿಯದ ಬಿಸಿನೀರು

ಬೇರೆಯವರ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ನಮ್ಮ ಮನೆಯಲ್ಲಿ ಏನಾದರೊಂದು ಪ್ರಸಂಗ ಬರುತ್ತದೆ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ತಯಾರಾಗಿರುತ್ತದೆ.

ಬೆಂಗಳೂರಿನ ಚಿಕ್ಕಲಸಂದ್ರದಲ್ಲಿ ನಮ್ಮದು ಸಣ್ಣ ಸೈಟಿನ ಮನೆ. ಕೆಳಗೆ ಬಾಡಿಗೆಯವರು, ಮೇಲೆ ನಾವು, ನಮ್ಮ ತಲೆಯ ಮೇಲೆ ನೀರು ಕಾಯಿಸುವ ಸೋಲಾರ್. ನಾವು ಎಂದರೆ ನಾನು, ನಮ್ಮ ಯಜಮಾನರು, ಜೊತೆಗೆ ನಮ್ಮಮ್ಮ. ನಾನು ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ ಕೂರುವವಳು. ಕಾಯುವ ಜನರನ್ನು ದಿನವೂ ನೋಡುತ್ತೇನೆ, ಆದರೆ ಕಾಯುವುದು ಮಾತ್ರ ನನಗೆ ಬರುವುದಿಲ್ಲ. ಲಿಫ್ಟ್ ಬರುವ ತನಕ ಗುಂಡಿ ಒತ್ತುತ್ತಲೇ ಇರುತ್ತೇನೆ. ಕುಕ್ಕರ್ ಕೂಗುವುದು ತಡವಾದರೆ ಅದರ ಮುಂದೆ ನಿಂತು ಬೈಯುತ್ತೇನೆ. ಯಜಮಾನರು ಇದಕ್ಕೆ ತದ್ವಿರುದ್ಧ, ಭೂಕಂಪವಾದರೂ ಕಾಫಿ ಮುಗಿಸಿಯೇ ಏಳುವ ಆಸಾಮಿ. ಗಾಳಿ ಕಟ್ಟಿಕೊಳ್ಳುವ ಪೈಪು ಊರಲ್ಲಿ ಯಾರಿಗೆ ಬೇಕಾದರೂ ಸಿಗಬಹುದಿತ್ತು. ಅದು ನನಗೇ ಸಿಕ್ಕಿತು.

ಕೆಮ್ಮು

ಮೊದಲ ಸಲ ಆದದ್ದು ಒಂದು ಸೋಮವಾರ ಬೆಳಿಗ್ಗೆ. ಹಿಂದಿನ ದಿನ ನೀರು ಬಿಟ್ಟಿರಲಿಲ್ಲ, ಮೇಲಿನ ಟ್ಯಾಂಕ್ ಪೂರ್ತಿ ಖಾಲಿಯಾಗಿ ಆಮೇಲೆ ತುಂಬಿತ್ತು. ತಲೆಗೆ ಶಾಂಪೂ ಹಾಕಿಕೊಂಡು ಬಿಸಿನೀರಿನ ನಲ್ಲಿ ತಿರುಗಿಸಿದೆ. ನಲ್ಲಿ ‘ಖೊಕ್’ ಎಂದಿತು. ಸ್ವಲ್ಪ ಉಗುಳಿತು, ಮತ್ತೊಮ್ಮೆ ‘ಖೊಕ್ ಖೊಕ್’ ಎಂದು ಸುಮ್ಮನಾಯಿತು.

ಕಾರಣ ಆಮೇಲೆ ಗೊತ್ತಾಯಿತು. ಟ್ಯಾಂಕ್ ಖಾಲಿಯಾದಾಗ ನೀರಿನ ಜಾಗಕ್ಕೆ ಗಾಳಿ ನುಗ್ಗುತ್ತದೆ. ಮತ್ತೆ ನೀರು ತುಂಬಿದರೆ ತಣ್ಣೀರಿನ ಪೈಪಿನಿಂದ ಅದು ಮರ್ಯಾದೆಯಾಗಿ ಹೊರಟುಹೋಗುತ್ತದೆ. ಬಿಸಿನೀರಿನ ಪೈಪು ತಾರಸಿಯ ಮೇಲೆ ಅಡ್ಡಡ್ಡ ಮಲಗಿ ಬರುತ್ತದಲ್ಲ, ಅಲ್ಲಿ ಮಾತ್ರ ಕಾಲು ಚಾಚಿ ಕೂತುಬಿಡುತ್ತದೆ. ಆ ಕಡೆ ಟ್ಯಾಂಕಿನ ತುಂಬ ಬಿಸಿನೀರು, ಈ ಕಡೆ ಶಾಂಪೂ ತಲೆಯ ನಾನು, ನಡುವೆ ಗಾಳಿ.

ಆವತ್ತು ಇದೆಲ್ಲ ಏನೂ ಗೊತ್ತಿರಲಿಲ್ಲ. ಕಣ್ಣುರಿಯಲ್ಲಿ ಒಳಗಿನಿಂದಲೇ ಕೂಗಿದೆ, “ರೀ, ನಲ್ಲಿ ಕೆಮ್ತಾ ಇದೆ!”

“ಹೌದಾ?” ಎಂದರು ಯಜಮಾನರು. ಪೇಪರ್ ಮಗುಚಿದ ಸದ್ದು ಕೇಳಿಸಿತು.

ನಮ್ಮಮ್ಮ ಮಾತ್ರ ಬಾಗಿಲ ಹತ್ತಿರ ಬಂದು ಕಿವಿಗೊಟ್ಟು ಕೇಳಿದಳು. “ವಾಯು ಕಣೇ. ನಮಗೆಲ್ಲ ಆಗಲ್ವಾ? ಹಾಗೇ. ನೀನು ಹೀಗೆ ಬಾಗಿಲ ಮುಂದೆ ಜನ ಸೇರಿಸಿದ್ರೆ ಅದಕ್ಕೂ ಸಂಕೋಚ ಆಗತ್ತೆ.”

ಪ್ಲಂಬರ್ ಎದುರಿಗೆ

ನಮ್ಮ ಪ್ಲಂಬರ್ ಯಾವಾಗ ಫೋನ್ ಮಾಡಿದರೂ ಯಡಿಯೂರು ಕೆರೆಯ ಹತ್ತಿರವೇ ಇರುತ್ತಾನೆ. “ಕೆರೆ ಹತ್ರ ಇದ್ದೀನಿ ಮೇಡಂ, ಐದೇ ನಿಮಿಷ” ಎನ್ನುತ್ತಾನೆ. ಆ ಐದು ನಿಮಿಷದಲ್ಲಿ ನಾನು ಗೇಟಿಗೂ ಬಾತ್‌ರೂಮಿಗೂ ಓಡಾಡಿ, ಬೀದಿಯಲ್ಲಿ ಹೋಗುವ ಪ್ರತಿಯೊಂದು ಬೈಕನ್ನೂ ಇವನದೇ ಎಂದುಕೊಂಡು, ಗ್ಯಾಸ್ ಸಿಲಿಂಡರ್ ತರುವವನ ಮೇಲೆ ರೇಗಿ ಮುಗಿಸಿರುತ್ತೇನೆ.

ಅಂತೂ ಬಂದ. ನಲ್ಲಿ ತಿರುಗಿಸಿದ. ಹಬೆಯಾಡುವ ನೀರು ಧಾರಾಕಾರವಾಗಿ ಬಂತು.

“ಚೆನ್ನಾಗೇ ಬರ್ತಿದ್ಯಲ್ಲ ಮೇಡಂ?”

“ಈಗ ಬರ್ತಿದೆ. ನೀನು ಬರೋಕೆ ಮುಂಚೆ ಬರ್ತಿರಲಿಲ್ಲ.”

ಅವನು ನನ್ನ ಮುಖ ನೋಡಿದ. ಕಾಫಿ ಕುಡಿದು ಹೊರಟ. ಬೈಕಿನ ಸದ್ದು ತಿರುವು ದಾಟಿತೋ ಇಲ್ಲವೋ, ‘ಖೊಕ್’. ಬಾಲ್ಕನಿಗೆ ಓಡಿ, ಇಡೀ ರಸ್ತೆ ತಿರುಗಿ ನೋಡುವ ಹಾಗೆ ಕೂಗಿ ವಾಪಸ್ ಕರೆಸಿದೆ. ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ, ನೀರು ಬಂತು. ಹೋದ, ನಿಂತಿತು. ಮತ್ತೆ ಕರೆಸಿದೆ, ಬಂತು. ನನಗೆ ಅಳು ಬರುವುದೊಂದು ಬಾಕಿ. ಅವನು ತೀರ ಮೆಲ್ಲಗೆ, ಹುಷಾರಿಲ್ಲದವರ ಹತ್ತಿರ ಮಾತಾಡುವ ಧಾಟಿಯಲ್ಲಿ ಕೇಳಿದ: “ಮೇಡಂ, ರಾತ್ರಿ ಸರಿಯಾಗಿ ನಿದ್ದೆ ಮಾಡ್ತಿದ್ದೀರಾ?”

ಯಜಮಾನರು ಅಷ್ಟು ಹೊತ್ತಿಗೆ ಪೇಪರ್ ಮಡಿಸಿ ತಮ್ಮ ಪರಿಹಾರ ಹೇಳಿದರು. “ಪಾಪ, ಅವನನ್ಯಾಕೆ ಓಡಾಡಿಸ್ತೀಯ? ಒಂದು ಫೋಟೋ ತಗೊಂಡು ಬಾತ್‌ರೂಮಲ್ಲಿ ತಗುಲಿಹಾಕೋಣ ಬಿಡು.”

ಬಾಡಿಗೆಯವರು

ಕೆಳಗಿನ ಮನೆಯಲ್ಲಿರುವವರು ಬಾಗಲಕೋಟೆ ಕಡೆಯವರು. ಬಿಟಿಎಂನಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ. ನನ್ನ ಗೋಳು ಮೆಟ್ಟಿಲಿಳಿದು ಅವರಿಗೂ ಕೇಳಿಸಿರಬೇಕು, ತಾವಾಗಿಯೇ ಬಂದರು.

“ಅಕ್ಕಾರ, ಇದಕ್ಯಾಕ್ ಇಷ್ಟ್ ತ್ರಾಸ ಮಾಡ್ಕೋತೀರಿ? ಎರಡೂ ನೀರು ಬರೋ ನಲ್ಲಿ ಬಾಯಿಗೆ ಅಂಗೈ ಒತ್ತಿ ಹಿಡೀರಿ. ತಣ್ಣೀರು, ಬಿಸಿನೀರು ಎರಡೂ ಬಿಡ್ರಿ. ತಣ್ಣೀರಿಗೆ ಹೊರಗ ಹೋಗಾಕ ಹಾದಿ ಇರಂಗಿಲ್ಲ, ಬಿಸಿನೀರಿನ ಪೈಪಿನ್ಯಾಗ ಹೊಕ್ಕು ಗಾಳೀನ ದಬ್ಬಿಕೊಂಡು ಹೋಗತೈತಿ.”

ಮಾಡಿದೆ. ಅಂಗೈ ಕೆಳಗೆ ಗುಡುಗುಡು ಎಂದಿತು, ಪೈಪಿನೊಳಗೆ ಏನೋ ಓಡಿದ ಹಾಗಾಯಿತು. ಕೈ ತೆಗೆದೆ, ಬಿಸಿನೀರು! ಖುಷಿಗೆ ನಾನು ಅವರಿಗೆ ಒಂದು ಡಬ್ಬಿ ಚಕ್ಕುಲಿಯನ್ನೇ ಕೊಟ್ಟು ಕಳಿಸಿದೆ.

ಅವರು ಕೆಳಗೆ ಹೋಗಿ ನಲ್ಲಿ ತಿರುಗಿಸಿದರೆ, ಅಲ್ಲಿ ‘ಖೊಕ್’. ಗಾಳಿ ನಮ್ಮ ಮನೆ ಖಾಲಿ ಮಾಡಿ ಅವರ ಮನೆಗೆ ಹೋಗಿತ್ತು. ಎರಡೂ ಮನೆಗೆ ಪೈಪು ಒಂದೇ ತಾನೆ? ಅವರು ತಮ್ಮ ನಲ್ಲಿಗೆ ಅಂಗೈ ಒತ್ತಿದರು, ಅದು ವಾಪಸ್ ನಮ್ಮಲ್ಲಿಗೆ ಬಂತು. ಮಾರನೆಯ ಬೆಳಿಗ್ಗೆ ನಾನು ಕಳಿಸಿದೆ. ಸಂಜೆ ಅವರು ಕಳಿಸಿದರು. ವಾರವಿಡೀ ಆ ಒಂದು ಹಿಡಿ ಗಾಳಿಯನ್ನು ಇಬ್ಬರೂ ಮೇಲೆ ಕೆಳಗೆ ದಬ್ಬಾಡಿದೆವು. ಮೆಟ್ಟಿಲಲ್ಲಿ ಸಿಕ್ಕರೆ ನಗುವುದೂ ಕಡಿಮೆಯಾಯಿತು.

ಕೊನೆಗೆ ಒಂದು ಬೆಳಿಗ್ಗೆ ಅವರು ಒದ್ದೆ ಕೂದಲಲ್ಲಿ ನಡುಗುತ್ತಾ ಮೇಲೆ ಬಂದು, ಬಹಳ ವಿನಯದಿಂದ ಹೇಳಿದರು: “ಅಕ್ಕಾರ, ಬಾಡಿಗಿಯೊಳಗ ನೀರು ಸೇರೇತಿ ಅಂತ ಹೇಳಿದ್ರಿ. ಗಾಳೀನೂ ಸೇರೇತಿ ಅಂತ ಹೇಳಿದ್ದಿಲ್ಲ.”

ನೀರು ತುಂಬುವ ಹಬ್ಬ

ಇಷ್ಟರ ತನಕ ಆದದ್ದು ನಮ್ಮ ನಮ್ಮಲ್ಲೇ ನಗುವ ವಿಷಯ. ಈಚೆಗೆ ಮಗಳ ಮದುವೆಯಾಯಿತು. ಅಳಿಯನಿಗೆ ನಮ್ಮ ಮನೆಯಲ್ಲಿ ಮೊದಲನೇ ದೀಪಾವಳಿ. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚಿ, ಆರತಿ ಎತ್ತಿ, ಸುಡುಸುಡು ನೀರಲ್ಲಿ ಸ್ನಾನ ಮಾಡಿಸಬೇಕು. ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಗಿರಿನಗರದ ಬೀಗಿತ್ತಿ ಎಲ್ಲರ ಹಾಗಲ್ಲ. ಮದುವೆಯಲ್ಲಿ ಯಾವ ಪಂಕ್ತಿಯ ಯಾವ ಎಲೆಗೆ ಹಪ್ಪಳ ಬೀಳಲಿಲ್ಲ ಎಂಬುದು ಆಕೆಗೆ ಇವತ್ತಿಗೂ ನೆನಪಿದೆ. ಹಬ್ಬಕ್ಕೆ ಕರೆಯಲು ಹೋದಾಗಲೇ ಹೇಳಿದ್ದರು, “ನಮ್ಮ ಹುಡುಗನಿಗೆ ಊಟ ಹೆಚ್ಚುಕಮ್ಮಿ ಆದ್ರೂ ನಡೆಯತ್ತೆ. ಸ್ನಾನದ ನೀರು ಮಾತ್ರ ಹಬೆ ಆಡ್ತಿರ್ಬೇಕು.” ಅದರಲ್ಲಿ ಒಂದು ತಪ್ಪು ನಡೆದರೆ ನನ್ನ ಮಗಳು ಜನ್ಮವಿಡೀ ಮಾತು ಕೇಳಬೇಕು. ಈ ಯೋಚನೆಯಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಹಬ್ಬಕ್ಕೆ ಮುಂಚೆಯೇ ಗಾಳಿಯನ್ನೆಲ್ಲ ಹೊರಗೆ ಹಾಕಿಸಿದೆ. ಪ್ಲಂಬರನನ್ನು ಕರೆಸಿ, ಎರಡೂ ಮನೆಯ ನಲ್ಲಿಗಳನ್ನು ಒಟ್ಟಿಗೇ ಬಿಡಿಸಿ ಪರೀಕ್ಷೆ ಮಾಡಿಸಿದೆ. ಟ್ಯಾಂಕ್ ಖಾಲಿಯಾಗದ ಹಾಗೆ ಹೊತ್ತು ಹೊತ್ತಿಗೆ ಮೋಟಾರ್ ಹಾಕಿದೆ. “ಹಬ್ಬ ಮುಗಿಯೋ ತನಕ ಯಾರೂ ಏನೂ ಮುಟ್ಟಬೇಡಿ” ಎಂದು ಎಲ್ಲರಿಗೂ ಹೇಳಿ, ಹಿಂದಿನ ದಿನ ಸಂಜೆ ಹೂವು ತರಲು ಬನಶಂಕರಿ ಮಾರ್ಕೆಟ್ಟಿಗೆ ಹೋದೆ.

ವಾಪಸ್ ಬಂದರೆ ತಾರಸಿಯಲ್ಲಿ ಸೋಲಾರ್ ಟ್ಯಾಂಕಿಗೆ ಮದುವೆಯ ಕಳೆ! ಮೈತುಂಬ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕೊರಳಿಗೆ ಚೆಂಡುಹೂವಿನ ಹಾರ, ಅರಿಶಿನ ಕುಂಕುಮ. ಮುಂದೆ ಅಮ್ಮ ಕೈಮುಗಿದು ನಿಂತಿದ್ದಾಳೆ, ಯಜಮಾನರು ಒದ್ದೆ ಪಂಚೆಯಲ್ಲಿ ಪೊರಕೆ ಹಿಡಿದು ನಿಂತಿದ್ದಾರೆ.

ಆವತ್ತು ನೀರು ತುಂಬುವ ಹಬ್ಬ. ಹಂಡೆಯಲ್ಲಿರುವ ಹಳೆ ನೀರು ಚೆಲ್ಲಿ, ಹಂಡೆ ತೊಳೆದು, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಅಮ್ಮ ತನ್ನ ಅಳಿಯನನ್ನು, ಅಂದರೆ ನಮ್ಮ ಯಜಮಾನರನ್ನು, ಕರೆದು ಹಂಡೆ ತೊಳೆಯಿರಿ ಎಂದಿದ್ದಾಳೆ. ಹಂಡೆ ಎಲ್ಲಿದೆ ಎಂದು ಇವರು ಕೇಳಿದ್ದಕ್ಕೆ, “ಬಿಸಿನೀರು ಎಲ್ಲಿಂದ ಬರತ್ತೋ ಅದೇ ಹಂಡೆ” ಎಂದಿದ್ದಾಳೆ. ಇವರಿಗೆ ಅದು ಸರಿಯಾಗಿಯೇ ಕಂಡಿದೆ. ಯಾವುದಕ್ಕೂ ಏಳದ ಮನುಷ್ಯ ಆವತ್ತು ಎದ್ದು, ಸೋಲಾರಿನ ಕೆಳಗಿನ ನಲ್ಲಿ ಬಿಚ್ಚಿ, ಮೇಲಿನ ಟ್ಯಾಂಕನ್ನೂ ಸೇರಿಸಿ, ಒಂದು ತೊಟ್ಟೂ ಉಳಿಯದ ಹಾಗೆ ಖಾಲಿ ಮಾಡಿ, ಉಜ್ಜಿ ತೊಳೆದು ಹೊಸ ನೀರು ತುಂಬಿದ್ದಾರೆ. ಇಷ್ಟು ಶ್ರದ್ಧೆಯಿಂದ ಪೈಪಿಗೆ ಗಾಳಿ ತುಂಬಿದವರು ಊರಲ್ಲಿ ಬೇರೆ ಇರಲಾರರು.

ಕೆಳಗೆ ಓಡಿ ನಲ್ಲಿ ತಿರುಗಿಸಿದೆ. ಖೊಕ್ ಎನ್ನುವ ತ್ರಾಣವೂ ಇರಲಿಲ್ಲ ಅದಕ್ಕೆ. ‘ಹ್ಹ’ ಎಂದಿತು ಅಷ್ಟೆ.

ಅಂಗೈ ಒತ್ತಿದ್ದಾಯಿತು, ಕೆಳಗಿನವರೂ ಒತ್ತಿದ್ದಾಯಿತು. ಏನೂ ಇಲ್ಲ. ಪ್ಲಂಬರಿಗೆ ಫೋನ್ ಮಾಡಿದರೆ, ಜೀವನದಲ್ಲಿ ಮೊದಲ ಸಲ ಅವನು ಕೆರೆಯ ಹತ್ತಿರ ಇರಲಿಲ್ಲ. “ಹಬ್ಬಕ್ಕೆ ಊರಿಗೆ ಬಂದ್ಬಿಟ್ಟೆ ಮೇಡಂ. ಒಂದ್ ಕೆಲಸ ಮಾಡಿ, ಸ್ಪೀಕರ್ ಹಾಕಿ ಫೋನ್‌ನ ನಲ್ಲಿ ಹತ್ರ ಹಿಡೀರಿ. ನನ್ ದನಿ ಕೇಳಿದ್ರೆ ಬಂದ್ರೂ ಬರಬಹುದು.”

ನಗಬೇಡಿ. ನಾನು ಹಿಡಿದೆ.

ಎಣ್ಣೆ ಮೈಯ ಅಳಿಯ

ಸೋಲಾರಿನಲ್ಲಿ ಮೋಡದ ದಿನಕ್ಕೆಂದು ಒಂದು ಕರೆಂಟಿನ ಕಾಯಿಲ್ ಇದೆ. ಅದನ್ನು ಹಾಕಿಟ್ಟಿದ್ದರಿಂದ ಬೆಳಗಿನ ಜಾವಕ್ಕೆ ಮೇಲೆ ಟ್ಯಾಂಕಿನ ತುಂಬ ನೀರು ಕೊತಕೊತ ಕಾದಿತ್ತು. ಕೆಳಗಿಳಿಯಲು ಮಾತ್ರ ಒಪ್ಪುತ್ತಿರಲಿಲ್ಲ.

ಇತ್ತ ಅಮ್ಮ ಹೊಸ ಅಳಿಯನನ್ನು ಮಣೆಯ ಮೇಲೆ ಕೂರಿಸಿ, ನಾನು ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ, ನೆತ್ತಿಯಿಂದ ಹಿಮ್ಮಡಿಯ ತನಕ ಹರಳೆಣ್ಣೆ ತಿಕ್ಕಿಬಿಟ್ಟಿದ್ದಳು. ಹುಡುಗ ಆರಡಿ ಎತ್ತರ, ಮಾತು ಕಡಿಮೆ. ಟವೆಲ್ ಸುತ್ತಿಕೊಂಡು ಮಿರಮಿರ ಮಿಂಚುತ್ತಾ ಕೂತಿದ್ದ. ಕಣ್ಣಿಗೆ ಎಣ್ಣೆ ಇಳಿದು ಕೆಂಪಾಗಿತ್ತು. “ಇನ್ನೇನು ಬಂದ್ಬಿಡತ್ತೆ” ಎಂದು ನಾನು ಹೇಳಿದಾಗಲೆಲ್ಲ “ಪರವಾಗಿಲ್ಲ ಅತ್ತೆ” ಎನ್ನುತ್ತಿದ್ದ. ಅವನು ಒಂದು ಸಲವಾದರೂ ರೇಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಯಜಮಾನರು ಬಾತ್‌ರೂಮಿನಲ್ಲಿ ನಲ್ಲಿಗೆ ಅಂಗೈ ಒತ್ತಿ ನಿಂತಿದ್ದರು. ಕೆಳಗಿನ ಮನೆಯಿಂದ “ಬಿಡ್ಲೇನ್ರೀ?” ಎಂಬ ಕೂಗು, ಮೇಲಿನಿಂದ ಇವರ “ತಡೀರಿ!” ನಾನು ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಕಾಯಿತೇ ಎಂದು ನೋಡುತ್ತಾ ಮುಚ್ಚಳ ತೆಗೆದು ತೆಗೆದು ಅದನ್ನು ಕಾಯಲೇ ಬಿಡಲಿಲ್ಲ. ಕಾದರೂ ಆ ನೀರು ಈ ಆಳಿನ ಒಂದು ಭುಜಕ್ಕೆ ಸಾಲುತ್ತಿರಲಿಲ್ಲ. ಮೇಲಿನಿಂದ ಬಕೆಟ್ಟಿನಲ್ಲಿ ಹೊತ್ತು ತರೋಣ ಎಂದರೆ, ನಮ್ಮ ತಾರಸಿಗೆ ಇರುವುದು ಕಿರಿದಾದ ಕಬ್ಬಿಣದ ಸುತ್ತು ಮೆಟ್ಟಿಲು. ಎಲ್ಲರ ಕಾಲಿಗೂ ಎಣ್ಣೆ. ಅಮ್ಮ ಅಡ್ಡ ನಿಂತಳು: “ಕುದಿಯೋ ನೀರು ಹಿಡ್ಕೊಂಡು ಜಾರಿಬಿದ್ರೆ? ಹಬ್ಬದ ದಿನ ಆಸ್ಪತ್ರೆಗೆ ಹೋಗೋದಾ?”

ಆಗ ಅಳಿಯ ಎದ್ದು ನಿಂತ. ಟವೆಲ್ ಬಿಗಿ ಮಾಡಿಕೊಂಡು, ನಿಧಾನವಾಗಿ ಹೇಳಿದ: “ಅತ್ತೆ, ನೀರು ಕೆಳಗೆ ಬರಲ್ಲ ಅಂದ್ರೆ ನಾನೇ ಮೇಲೆ ಹೋಗ್ತೀನಿ ಬಿಡಿ.”

ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ಹಿಂದೆ ಸೀಗೆಪುಡಿ ಹಿಡಿದು ಮಗಳು, ಆರತಿ ತಟ್ಟೆ ಹಿಡಿದು ಅಮ್ಮ, ಚೊಂಬು ಹಿಡಿದು ನಾನು. ಹೂವಿನ ಹಾರ ಹಾಕಿಕೊಂಡ ಸೋಲಾರಿನ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದೆವು. ಟ್ಯಾಂಕಿನ ಅಡಿಯ ನಲ್ಲಿ ಬಿಚ್ಚಿ, ಬಕೆಟ್ಟಿಗೆ ತಣ್ಣೀರು ಬೆರೆಸಿ, ಹೊಯ್ಯಲು ಶುರುಮಾಡಿದೆವು. ಹಬೆ ಮುಗಿಲಿಗೆದ್ದಿತು. ಆ ಹೊತ್ತಿಗೆ ರಸ್ತೆಯವರೆಲ್ಲ ಪಟಾಕಿ ಹಚ್ಚಲು ತಮ್ಮ ತಮ್ಮ ತಾರಸಿ ಹತ್ತಿದ್ದರು. ಒಬ್ಬರೂ ಹಚ್ಚಲಿಲ್ಲ. ಪಕ್ಕದ ಮನೆಯವರ ಕೈಯಲ್ಲಿದ್ದ ಸುರುಸುರು ಬತ್ತಿ ನಮ್ಮನ್ನು ನೋಡುತ್ತಲೇ ಉರಿದು ಮುಗಿಯಿತು.

ಅಷ್ಟರಲ್ಲಿ ಮಗಳ ಫೋನು ಹೊಡೆದುಕೊಂಡಿತು. ವಿಡಿಯೋ ಕಾಲ್. ಬೀಗಿತ್ತಿ! ಗಾಬರಿಯಲ್ಲಿ ಮಗಳು ಒತ್ತಬಾರದ್ದನ್ನು ಒತ್ತಿದಳು, ಇಡೀ ದೃಶ್ಯ ಗಿರಿನಗರಕ್ಕೆ ಹೋಯಿತು. ಬೀಗಿತ್ತಿಯ ಮುಖದ ನಗು ಅಲ್ಲೇ ನಿಂತಿತು.

“ಏನಿದು? ನಮ್ಮ ಹುಡುಗನ್ನ ಬೀದೀಲಿ ಕೂರಿಸಿ ಸ್ನಾನ ಮಾಡಿಸ್ತಿದ್ದೀರಾ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಫೋನು ಕಿತ್ತುಕೊಂಡಳು.

“ಬೀದಿ ಅಲ್ಲ ಕಣಮ್ಮ, ಹಂಡೆ ಸನ್ನಿಧಿ. ಮೊದಲನೇ ದೀಪಾವಳಿಗೆ ಅಳಿಯನಿಗೆ ಪೂಜೆ ಮಾಡಿದ ಹಂಡೆ ಪಕ್ಕದಲ್ಲೇ ಸ್ನಾನ. ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ.”

ಬೀಗಿತ್ತಿ ನಂಬಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದರು, “ಹಾಗಾದ್ರೆ ನಿಮ್ಮ ಅಳಿಯಂದಿರಿಗೂ ಹೀಗೇ ಮಾಡಿದ್ರಾ?”

ಸರಿಯಾಗಿ ಅದೇ ಹೊತ್ತಿಗೆ ನಮ್ಮ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಅಂಗೈ ಜಾರಿ, ನಲ್ಲಿಯ ನೀರು ಅವರ ಮುಖಕ್ಕೇ ಸಿಡಿದಿತ್ತು. ತಲೆಯಿಂದ ಕಾಲಿನ ತನಕ ತಣ್ಣೀರು ಸುರಿಯುತ್ತಿದೆ, ಕನ್ನಡಕ ಒಂದು ಕಿವಿಗೆ ನೇತಾಡುತ್ತಿದೆ, ಹಲ್ಲು ಕಟಕಟ ಎನ್ನುತ್ತಿದೆ. ಎಲ್ಲರೂ ಮೇಲೆ ಬಂದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕೈ ಎತ್ತಿ ಕೂಗಿದರು, “ಗಾಳಿ ಹೋಯ್ತು ಕಣೇ! ಅಳಿಯಂದಿರನ್ನ ಕರೀ!”

ಅಮ್ಮ ಫೋನನ್ನು ನಿಧಾನವಾಗಿ ಅವರ ಕಡೆ ತಿರುಗಿಸಿದಳು. “ಇವರಿಗೆ ಆಗ ಮಾಡಲಿಲ್ಲ ಕಣಮ್ಮ. ಅದಕ್ಕೇ ನೋಡು, ಹೀಗಾಗಿಬಿಟ್ರು.”

ಬೀಗಿತ್ತಿ ಯಜಮಾನರನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದರು:

“ನಮ್ಮ ಹುಡುಗನಿಗೆ ಇನ್ನೆರಡು ಚೊಂಬು ಜಾಸ್ತೀನೇ ಹಾಕಿಬಿಡಿ.”