ಕನ್ಯಾದಾನಕ್ಕೊಂದು ಕಿವಿ

ಕಿವಿ ಮಂದವಾದವನ ಮನೆಯಲ್ಲಿ ದಿನಕ್ಕೊಂದು ಪ್ರಹಸನ ನಡೆದೇ ನಡೆಯುತ್ತದೆ. ತಾನೇ ಅದರ ಮುಖ್ಯ ಪಾತ್ರಧಾರಿ ಎಂಬುದು ಅವನೊಬ್ಬನಿಗೇ ಗೊತ್ತಿರುವುದಿಲ್ಲ. ನಾಗಪುರದ ಕಾರ್ಖಾನೆಯೊಂದರಲ್ಲಿ ದೊಡ್ಡ ಸುತ್ತಿಗೆ ಯಂತ್ರಗಳ ಮಗ್ಗುಲಲ್ಲಿ ನೌಕರಿ ಮಾಡಿ ನಿವೃತ್ತನಾಗುವ ಹೊತ್ತಿಗೆ ನನ್ನ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಹೆಸರಿಗೆ ಉಳಿದಿತ್ತು. ಹೊಟ್ಟೆಗೆ ಹಾಕಿದ ಕೆಲಸ ಕಿವಿಯನ್ನು ದಕ್ಷಿಣೆಯಾಗಿ ತೆಗೆದುಕೊಂಡಿತು, ಹರಿಚಿತ್ತ, ಎಂದು ಸುಮ್ಮನಿದ್ದೆ. ಮಗಳ ಮದುವೆ ಗೊತ್ತಾಗುವವರೆಗೆ ಸುಮ್ಮನಿದ್ದೆ.

ಗೋಣು ಹಾಕಿದ್ದು

ವರ ನಾಗಪುರದ ಹತ್ತಿರದ ಸಾವನೇರಿನ ಮರಾಠಿ ಮನೆತನದವನು. ಎರಡೂ ಕಡೆಯ ಹಿರಿಯರು ನಮ್ಮ ಮನೆಯಲ್ಲಿ ಮಾತುಕತೆಗೆ ಕೂತರು. ಹುಬ್ಬಳ್ಳಿಯಿಂದ ನನ್ನ ತಮ್ಮನೂ ಬಂದಿದ್ದ. ಕಿವಿ ಕೇಳದವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಎಲ್ಲರ ಮುಖ ನೋಡಿ ನಕ್ಕೆ, ಯಾರು ಏನಂದರೂ ಗೋಣು ಹಾಕಿದೆ. ಹಾಗೆ ಮಾಡಿದರೆ ಮಾತು ಜಲ್ದಿ ಮುಗಿಯುತ್ತದೆ, ಚಹಾ ಬರುತ್ತದೆ.

ಅವರೆಲ್ಲ ಹೋದ ಮೇಲೆ ನೋಡಿದರೆ ನಮ್ಮ ಮನೆಯಾಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನ ಎಡಗಿವಿಗೆ ಬಾಯಿ ಹಚ್ಚಿ ಒದರಿದಳು.

“ಕನ್ಯಾದಾನ ನಿಮ್ಮ ತಮ್ಮಗ ಯಾಕ ಬಿಟ್ಟುಕೊಟ್ರಿ?”

“ಯಾರು ಬಿಟ್ಟುಕೊಟ್ರು?”

“ನೀವೇ! ಆಚಾರ್ಯರು ಹೇಳಿದ ಮಂತ್ರ ಕೇಳಿ ತಿರುಗಿ ಹೇಳಬೇಕಾಗ್ತದ, ಅಣ್ಣಗ ಕೇಳಸಂಗಿಲ್ಲ, ನಾನೇ ಧಾರಿ ಎರೀತೀನಿ ಅಂದಾ. ನೀವು ಗೋಣು ಹಾಕಿದ್ರಿ. ನಕ್ಕೋತ ಹಾಕಿದ್ರಿ!”

ತಮ್ಮನದು ತಪ್ಪಿಲ್ಲ, ಅವನದು ಒಳ್ಳೆಯ ಮನಸ್ಸು. ಆದರೆ ನನಗೆ ಒಬ್ಬಳೇ ಮಗಳು. ಅವಳ ಕೈಯನ್ನು ನನ್ನ ಕೈಯಿಂದಲೇ ಕೊಡಬೇಕು, ಮಂತ್ರವನ್ನು ನನ್ನ ಬಾಯಿಂದಲೇ ಹೇಳಬೇಕು. ದೇವರ ಮುಂದೆ ನಿಂತು, ಕಿವಿ ಮಾಡಿಸಿಕೊಂಡೇ ತೀರುತ್ತೇನೆ ಎಂದು ಸಂಕಲ್ಪ ಮಾಡಿದೆ. ಅಂದಿನಿಂದ, ಪೂರ್ತಿ ಕೇಳಿಸಿಕೊಳ್ಳದೆ ನಾನು ಗೋಣು ಹಾಕುವುದು ದೇವರೊಬ್ಬನಿಗೆ. ಅವನು ಏನಂದಿದ್ದರೂ ನನಗೆ ಒಪ್ಪಿಗೆಯೇ.

ಗುಂಡಿ ಒತ್ತಿದ್ದು

ಮಗಳು ರಾಮದಾಸಪೇಠಿನ ಒಂದು ಕಿವಿ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ಕಿವಿ ಪರೀಕ್ಷೆ ಮಾಡಿ ಯಂತ್ರ ಕೂಡಿಸುವ ಮೇಡಂ ಮರಾಠಿಯವರು, ಹೆಚ್ಚುಕಡಿಮೆ ಮಗಳ ವಯಸ್ಸಿನವರು. ನನ್ನನ್ನು ಒಂದು ಸಣ್ಣ ಕೋಣೆಯಲ್ಲಿ ಕೂಡಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸಪ್ಪಳ ಕೇಳಿಸಿದಾಗಲೆಲ್ಲ ಅದನ್ನು ಒತ್ತಬೇಕು, ಅಷ್ಟೇ ಕೆಲಸ.

ಬಾಗಿಲು ಮುಚ್ಚಿತು. ಏನು ಶಾಂತಿ! ಗರ್ಭಗುಡಿಯಲ್ಲಿ ಕೂತಂತಾಯಿತು. ಕಣ್ಣು ತಾನಾಗಿ ಮುಚ್ಚಿತು, ನಾಲಿಗೆ ರಾಮನಾಮ ಹಿಡಿಯಿತು. ಜಪಮಾಲೆ ಎಣಿಸಿ ರೂಢಿಯಾದ ಹೆಬ್ಬೆರಳು ಗುಂಡಿಯನ್ನೇ ಮಣಿ ಎಂದು ತಿಳಿಯಿತು. ಒಂದು ರಾಮ, ಒಂದು ಒತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಮೇಡಂ ಗಾಬರಿಯಾಗಿ ನಿಂತಿದ್ದರು, ಹಿಂದೆ ಮಗಳು.

“ಅಪ್ಪಾ, ಮೇಡಂ ಇನ್ನೂ ಸುರುನೇ ಮಾಡಿಲ್ಲಂತ! ನೀ ಯಾವ ಸಪ್ಪಳಕ್ಕ ಒತ್ಲಿಕತ್ತಿ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ ಕೈಮುಗಿದು ಮರಾಠಿಯಲ್ಲಿ ಏನೋ ಅಂದರು. ಮಗಳು ನಗು ತಡೆಯುತ್ತ ನನ್ನ ಕಿವಿಗೆ ದಾಟಿಸಿದಳು. “ಅಷ್ಟು ದೂರದ್ದು ಕೇಳಸ್ತದಂದ್ರ ಕಾಕಾ ದೊಡ್ಡವರು. ನನ್ನ ಹತ್ರ ಬರೇ ಹತ್ತಿರದ್ದು ಕೇಳೋ ಮಷಿನ್ ಅವ, ಅಂತಾರ.”

ಕಾಣಲಿ ಬಿಡು

ಪರೀಕ್ಷೆ ಮುಗಿದ ಮೇಲೆ ಮೇಡಂ ತೀರ್ಪು ಕೊಟ್ಟರು. ಬಲಗಿವಿಗೆ ಯಾವ ಯಂತ್ರ ಹಾಕಿದರೂ ಉಪಯೋಗವಿಲ್ಲ. ಎಡಗಿವಿಗೆ ಎಲ್ಲಕ್ಕಿಂತ ಹೆಚ್ಚು ಶಕ್ತಿಯದು ಬೇಕು. ಕಿವಿಯ ಹಿಂದೆ ಕೂಡುವ ದಪ್ಪನೆಯ ಯಂತ್ರ, ಅದರಿಂದ ಒಂದು ನಳಿಕೆ, ನಳಿಕೆಯ ತುದಿಗೆ ನನ್ನದೇ ಕಿವಿಯ ಅಳತೆಯ ಅಚ್ಚು.

ಜೊತೆಗೆ ಬಂದಿದ್ದ ನಮ್ಮ ಮನೆಯಾಕೆಗೆ ಗಾಜಿನ ಪೆಟ್ಟಿಗೆಯಲ್ಲಿದ್ದ ಕಡಲೆಕಾಳಿನಷ್ಟು ಚಿಕ್ಕ ಯಂತ್ರದ ಮೇಲೆ ಕಣ್ಣು. “ಇದು ಕಿವಿಯೊಳಗ ಹೋಗಿ ಕೂಡ್ತದ, ಯಾರಿಗೂ ಕಾಣಂಗಿಲ್ಲ. ಅದು ಎಷ್ಟು ದೊಡ್ಡದದ! ಮದುವಿ ಫೋಟೋದಾಗ ಕಾಣಸ್ತದ.”

ಆ ಚಿಕ್ಕದರ ಜೋರು ಕಾಕಾನ ಕಿವಿಗೆ ಸಾಲದು ಎಂದು ಮೇಡಂ ತಲೆ ಅಲ್ಲಾಡಿಸಿದರು. ನಾನು ಮನೆಯಾಕೆಗೆ ಹೇಳಿದೆ, “ಕಾಣಲಿ ಬಿಡು. ಮಂದಿಗೆ ಕಾಣೋದು ಅವರ ಕೆಲಸ, ನನಗ ಕೇಳೋದು ನನ್ನ ಕೆಲಸ.”

ಅಚ್ಚು ತಯಾರಾಗಿ ಬಂದ ದಿನ ಮೇಡಂ ಯಂತ್ರವನ್ನು ಕಿವಿಗೆ ಕೂಡಿಸಿ ಚಾಲೂ ಮಾಡಿದರು. ಕುರ್ಚಿಯ ಕಿರಕಿರ, ಫ್ಯಾನಿನ ಗರಗರ, ನನ್ನದೇ ಉಸಿರು! ಕೃಷ್ಣಾ ಎಂದು ಕೈಜೋಡಿಸುವಷ್ಟರಲ್ಲಿ ನಮ್ಮ ಮನೆಯಾಕೆ, ಇಷ್ಟು ವರ್ಷದ ರೂಢಿ, ಬಗ್ಗಿ ನನ್ನ ಎಡಗಿವಿಗೆ ಬಾಯಿ ಹಚ್ಚಿ ಪ್ರಾಣ ಹೋಗುವ ಹಾಗೆ ಒದರಿದಳು. “ಕೇಳಸ್ತದೇನ್ರೀ?”

ನಾನು ಕುರ್ಚಿಯಿಂದ ಹಾರಿ ಮೇಡಂ ಅವರ ಮೇಜಿಗೆ ತಾಗಿ ನಿಂತೆ.

ಮೇಡಂ ನಮ್ಮ ಮನೆಯಾಕೆಯ ಕಡೆ ನೋಡಿ ಮರಾಠಿಯಲ್ಲಿ ಹೇಳಿದರು, ಮತ್ತು ಅದು ನನಗೆ ಕೇಳಿಸಿತು! “ಮಷಿನ್ ಬರೋಬರ್ ಇದೆ. ಇನ್ನು ಕಾಕೂನ ಆವಾಜ್ ಕಮ್ಮಿ ಮಾಡಬೇಕು.”

ಮಡಿಯ ಪ್ರಶ್ನೆ

ಯಂತ್ರ ಬಂದಿತು, ಹೊಸ ಚಿಂತೆಯೂ ಬಂದಿತು. ಸ್ನಾನ ಮಾಡಿ ಮಡಿ ಉಟ್ಟ ಮೇಲೆ ಕರ್ಮ ಮುಗಿಯುವವರೆಗೆ ನಾನು ಮೈಲಿಗೆಯದನ್ನು ಮುಟ್ಟುವವನಲ್ಲ. ಕನ್ಯಾದಾನವೂ ಮಡಿಯಲ್ಲೇ. ಈ ಯಂತ್ರವನ್ನೋ ಯಾರು ಯಾರೋ ಮುಟ್ಟಿದ್ದಾರೆ.

“ಅದಕ್ಕೇನು, ನೀರಾಗ ಅದ್ದಿ ತಗದ್ರ ಆತು,” ಎಂದು ನಮ್ಮ ಮನೆಯಾಕೆ ತಂಬಿಗೆ ತಂದೇಬಿಟ್ಟಳು. ನೀರು ತಾಗಿದರೆ ಯಂತ್ರದ ಕಥೆ ಮುಗಿದಂತೆ. ಮಗಳು ಓಡಿ ಬಂದು ಕಸಿದುಕೊಂಡಳು.

ಮರುದಿನ ನಮ್ಮ ಕನ್ನಡದವರ ಮಠದ ಆಚಾರ್ಯರನ್ನೇ ಕೇಳಲು ಹೋದೆ. ಮಗಳ ಮದುವೆ ಮಾಡಿಸುವವರೂ ಅವರೇ. ಧರ್ಮದ ವಿಷಯ ಕೇಳುವಾಗ ಮಡಿ ಬೇಕಲ್ಲವೇ ಎಂದು ಒದ್ದೆ ಧೋತರ ಉಟ್ಟು, ಯಂತ್ರವನ್ನು ಮನೆಯಲ್ಲಿಟ್ಟು ಹೋದೆ.

“ಆಚಾರ್ಯರ, ಕಿವಿ ಯಂತ್ರ ಮಡಿಯೊಳಗ ಹಾಕ್ಕೋಬಹುದೇನು?”

ಆಚಾರ್ಯರು ಸಾವಕಾಶವಾಗಿ ಉತ್ತರಿಸಿದರು. ಬೆರಳು ಮಡಚಿದರು, ಬಿಚ್ಚಿದರು, ಆಕಾಶ ತೋರಿಸಿದರು. ಶ್ಲೋಕಗಳೂ ಇದ್ದಿರಬೇಕು, ಕಣ್ಣು ಮುಚ್ಚಿದ್ದರು. ನಾನು ಕೈಮುಗಿದು ನಿಂತಿದ್ದೆ, ಒಂದಕ್ಷರ ಕೇಳಿಸಲಿಲ್ಲ. “ಏನು ಅಪ್ಪಣಿ ಆತ್ರಿ?” ಎಂದು ಮತ್ತೆ ಕೇಳಿದೆ. ಪಾಪ, ಅವರು ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಿದರು. ನಾನು ಮತ್ತೆ ಕೇಳಿದೆ. ಕೊನೆಗೆ ಅವರು ನನ್ನ ಕಿವಿಯನ್ನೊಮ್ಮೆ, ನಮ್ಮ ಮನೆಯ ದಿಕ್ಕನ್ನೊಮ್ಮೆ ತೋರಿಸಿ, ಹಾಕಿಕೊಂಡು ಬಾ ಎಂದು ಸನ್ನೆ ಮಾಡಿದರು.

ಹೋಗಿ ಹಾಕಿಕೊಂಡು ಬಂದು ಕೈಮುಗಿದೆ. “ಈಗ ಹೇಳ್ರಿ ಆಚಾರ್ಯರ, ಮಡಿಯೊಳಗ ಹಾಕ್ಕೋಬಹುದೋ, ಬಾರದೋ?”

“ರಾಯರ, ಉತ್ತರ ನಿಮ್ಮ ಕಿವ್ಯಾಗ ಕೂತದ. ಇನ್ನ ನನ್ನನ್ನೇನು ಕೇಳ್ತೀರಿ?”

ದವಾಖಾನೆಯಲ್ಲಿ ಸಂಕಲ್ಪ

ಇಷ್ಟಾದರೂ ಮಂತ್ರ ದಕ್ಕಲಿಲ್ಲ. ಮೇಡಂ ಎರಡು ಮೂರು ಸಲ ಕಂಪ್ಯೂಟರಿಗೆ ತಂತಿ ಹಚ್ಚಿ ಯಂತ್ರವನ್ನು ಸರಿಮಾಡಿದ್ದರು. ಮನೆಯ ಮಾತು, ತರಕಾರಿಯವನ ಕೂಗು ಎಲ್ಲ ಕೇಳಿಸುತ್ತಿತ್ತು. ಆಚಾರ್ಯರು ಸಂಕಲ್ಪಕ್ಕೆ ಶುರು ಹಚ್ಚಿದರೆ ಮಾತ್ರ ದುಂಬಿ ಗುಂಯ್‌ಗುಟ್ಟಿದಂತೆ. ಅವರದು ಭಾರಿ ಕಂಠ, ಮೇಲೆ ಉಸಿರು ಬಿಡದೆ ಹೇಳುವ ರೂಢಿ.

“ಹಾಗಾದರೆ ಆ ಗುರುಜೀಯನ್ನೇ ಕರಕೊಂಡು ಬನ್ನಿ,” ಅಂದರು ಮೇಡಂ.

ಕರಕೊಂಡು ಹೋದೆ. ಲಗ್ನದ ಮಂಟಪದಲ್ಲಿ ಕೂಲರುಗಳ ಗದ್ದಲ ಇರುತ್ತದೆ ಎಂದೆ. ಮೇಡಂ ಪಕ್ಕದ ಔಷಧಿ ಅಂಗಡಿಯ ಕೂಲರನ್ನು ಒಳಗೆ ಎಳೆಸಿ ಜೋರಾಗಿ ಬಿಟ್ಟರು. ಆಚಾರ್ಯರು ಸ್ಟೂಲಿನ ಮೇಲೆ ಕೂತು ಮಂತ್ರ ಹೇಳುವುದು, ನಾನು ತಿರುಗಿ ಹೇಳುವುದು, ನಾನು ಎಡವಿದಲ್ಲಿ ಮೇಡಂ ಕಂಪ್ಯೂಟರಿನಲ್ಲಿ ಏರಿಸುವುದು, ಇಳಿಸುವುದು. ಗೋತ್ರದ ಹತ್ತಿರ ಸಿಕ್ಕಿಬಿದ್ದೆವು. ಮತ್ತೆ, ಮತ್ತೆ, ಇನ್ನೊಮ್ಮೆ. ಕಡೆಗೊಮ್ಮೆ ಅಕ್ಷರ ಅಕ್ಷರವೂ ಮುತ್ತು ಪೋಣಿಸಿದ ಹಾಗೆ ಕಿವಿಗೆ ಬಂತು. ನನ್ನ ಕಣ್ಣು ತುಂಬಿತು.

ಬಾಗಿಲು ತೆರೆದರೆ ಹೊರಗೆ ಸರದಿಗೆ ಕಾದಿದ್ದವರೆಲ್ಲ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದಾರೆ! ಒಬ್ಬ ಅಜ್ಜಿ ಹೂವನ್ನೂ ತರಿಸಿಬಿಟ್ಟಿದ್ದಳು. ಭಕ್ತರನ್ನು ಬರಿಗೈಯಲ್ಲಿ ಕಳಿಸುವುದು ಆಚಾರ್ಯರ ಜಾಯಮಾನವಲ್ಲ. ಜೋಳಿಗೆಯಿಂದ ಕಲ್ಲುಸಕ್ಕರೆ ತೆಗೆದು ಎಲ್ಲರಿಗೂ ಕೊಟ್ಟರು.

ಮುಂದಿನ ಸಲ ಹೋದಾಗ ಮೇಡಂ ಹಣೆ ಹಣೆ ಬಡಿದುಕೊಂಡರು. “ಕಾಕಾ, ಈಗ ಯಾರೂ ಬರೀ ಮಷಿನ್ ಒಯ್ಯುತ್ತಿಲ್ಲ. ಗುರುಜೀ ಮಂತ್ರ ಹಾಕಿದ್ದೇ ಬೇಕಂತೆ!”

ಅಕ್ಷತೆ

ಮದುವೆಯ ದಿನ ಬಂತು. ನಾಗಪುರದ ಬಿಸಿಲು, ಮಂಟಪದ ಮೂಲೆ ಮೂಲೆಗೆ ಆನೆಯಂಥ ಕೂಲರುಗಳು. ಅಳಿಯ ಕೇಸರಿ ಫೇಟಾ ಸುತ್ತಿಕೊಂಡು ನಿಂತಿದ್ದ, ನಡುವೆ ಅಂತರಪಟ, ಅತ್ತ ನನ್ನ ಮಗಳು. ನನ್ನ ತಮ್ಮನೂ ಮಡಿ ಉಟ್ಟು ಮಗ್ಗುಲಲ್ಲೇ ಇದ್ದ. “ಇರ್ಲಿ ಅಣ್ಣಾ, ಹೆಚ್ಚುಕಡಿಮಿ ಆದ್ರ ನಾ ಇದ್ದೀನಿ.” ಆಚಾರ್ಯರು ಮಂಗಲಾಷ್ಟಕ ಎತ್ತಿಕೊಂಡರು. ಅದು ಮುಗಿದ ಮೇಲೆ ಕನ್ಯಾದಾನ.

ಆಗ ನನಗೆ ಜಾಣತನ ಹುಟ್ಟಿತು. ಬ್ಯಾಟರಿ ಇನ್ನೂ ನಡೆಯುತ್ತಿತ್ತು, ಆದರೆ ಮಂತ್ರದ ನಡುವೆಯೇ ಮುಗಿದರೆ? ಈಗಲೇ ಹೊಸದು ಹಾಕಿಬಿಡೋಣ. ಯಂತ್ರ ತೆಗೆದೆ, ಬ್ಯಾಟರಿ ಬದಲಿಸಿದೆ, ಮುಚ್ಚಳ ಒತ್ತಿದೆ. ಅಷ್ಟರಲ್ಲಿ ಬೀಗರ ಕಡೆಯ ಹೆಂಗಸೊಬ್ಬರು ಅಕ್ಷತೆ ಹಂಚುತ್ತ ಬಂದವರು ನನ್ನ ತೆರೆದ ಅಂಗೈಗೆ ಒಂದು ಮುಷ್ಟಿ ಸುರಿದು ಮುಂದೆ ಹೋದರು. ಸುತ್ತಲಿನ ಕೈಗಳೆಲ್ಲ ಎದ್ದವು. ಎಷ್ಟೋ ಮದುವೆಗಳಲ್ಲಿ ಎದ್ದು ರೂಢಿಯಾದ ನನ್ನ ಕೈ ನನ್ನನ್ನು ಕೇಳಲಿಲ್ಲ. ಭಕ್ತಿಯಿಂದ, ಬಲವಾಗಿ ಎರಚಿತು.

ಕೈ ಖಾಲಿಯಾದ ಮೇಲೆ ನೆನಪಾಯಿತು, ಅಕ್ಷತೆಯ ಜೊತೆಗೆ ಅಂಗೈಯಲ್ಲಿದ್ದ ಯಂತ್ರವೂ ಹಾರಿಹೋಗಿತ್ತು. ಮೊಣಕಾಲೂರಿ ನೆಲ ತಡಕಾಡತೊಡಗಿದೆ. ಇದು ಕನ್ನಡದವರ ಪದ್ಧತಿ ಇರಬೇಕೆಂದು ಬೀಗರೂ ಒಬ್ಬಿಬ್ಬರು ಬಗ್ಗಿದರು.

ಮುಂದಿನದು ನನಗೆ ಕೇಳಿಸಲಿಲ್ಲ, ಮಗಳು ಆಮೇಲೆ ಹೇಳಿದ್ದು. ಇಂಥ ಶಕ್ತಿಯ ಯಂತ್ರ ಚಾಲೂ ಇದ್ದು ಬಟ್ಟೆಯ ಮಡಿಕೆಯಲ್ಲೋ ಮುಷ್ಟಿಯಲ್ಲೋ ಸಿಕ್ಕಿಕೊಂಡರೆ ತನ್ನ ಸಪ್ಪಳವನ್ನೇ ತಾನು ಹಿಡಿದು ಕುಂಯ್ಯೆಂದು ಸೀಟಿ ಹೊಡೆಯುತ್ತದೆ. ಅದು ಹೋಗಿ ಕೂತದ್ದು ಅಳಿಯನ ಫೇಟಾದ ಸುತ್ತಿನೊಳಗೆ, ಅವನ ಕಿವಿಯ ಮೇಲೆಯೇ. ಮಂಗಲಾಷ್ಟಕದ ನಡುವೆ ಉದ್ದನೆಯ ಸೀಟಿ ಕೇಳಿ ಅಳಿಯನ ಸೋದರತ್ತೆ ಕೆಂಡವಾದಳು. “ಕೋಣ್ ರೇ ಶಿಟ್ಟೀ ವಾಜವತೋಯ್? ಹುಡುಗಿಯನ್ನು ನೋಡಿ ಸೀಟಿ ಹೊಡೆಯಲು ನಾಚಿಕೆ ಇಲ್ಲವೇ?” ಎಲ್ಲರೂ ವರನ ಗೆಳೆಯರ ಕಡೆ ತಿರುಗಿದರು. ಅವರು ಆಣೆ ಮಾಡಿದರು. ಸೀಟಿ ನಿಲ್ಲಲಿಲ್ಲ. ಕಡೆಗೆ ಎಲ್ಲರ ಕಣ್ಣು ವರನ ಮೇಲೆಯೇ ನಿಂತವು. ಪಾಪದ ಹುಡುಗ ತುಟಿ ಒಳಗೆ ಮಡಚಿ, ನಾನಲ್ಲ ನಾನಲ್ಲ ಎಂದು ತಲೆ ಅಲ್ಲಾಡಿಸಿದ. ತಲೆಯ ಜೊತೆಗೆ ಸೀಟಿಯೂ ಅಲ್ಲಾಡಿತು.

ಆಗ ನನ್ನ ಮಗಳು ಅಂತರಪಟವನ್ನು ಒಂದು ಕೈಯಿಂದ ಕೆಳಕ್ಕೆ ಜಗ್ಗಿ, ಇನ್ನೊಂದು ಕೈಯನ್ನು ವರನ ಫೇಟಾದೊಳಗೆ ಹಾಕಿದಳು.

“ಏ ತಂಗೀ, ಇನ್ನೂ ಮುಹೂರ್ತ ಆಗಿಲ್ಲ!” ಎಂದರು ಆಚಾರ್ಯರು.

“ಏಕ್ ಮಿನಿಟ್ ಆಚಾರ್ಯರ. ಅಪ್ಪನ ಕಿವಿ ಇವರ ತಲೀಮ್ಯಾಗ ಅದ.”

ಮಂಟಪವೆಲ್ಲ ನಕ್ಕಿತು. ತಮ್ಮ ಆಗಲೇ ನನ್ನ ಜಾಗಕ್ಕೆ ಒಂದು ಹೆಜ್ಜೆ ಇಟ್ಟಿದ್ದ. ಮಗಳು ಅವನನ್ನು ದಾಟಿ ನನ್ನನ್ನು ನೆಲದಿಂದ ಎಬ್ಬಿಸಿ, ಅಕ್ಷತೆಯ ಕಾಳು ಕೊಡವಿ, ತಾನೇ ನನ್ನ ಕಿವಿಗೆ ಯಂತ್ರ ಕೂಡಿಸಿದಳು. ತಮ್ಮ ನಗುತ್ತ ಹಿಂದೆ ಸರಿದ.

ಉಳಿದ ಮಂಗಲಾಷ್ಟಕ ಮುಗಿಯಿತು, ಮಾಲೆ ಬದಲಾದವು, ನಾವು ಕನ್ಯಾದಾನಕ್ಕೆ ಕೂತೆವು. ಅಳಿಯನ ಕೈಮೇಲೆ ಮಗಳ ಕೈ, ನಮ್ಮ ಮನೆಯಾಕೆಯ ತಂಬಿಗೆಯಿಂದ ಸಣ್ಣ ಧಾರೆ. ಆಚಾರ್ಯರು ಸಂಕಲ್ಪ ಹೇಳಿಕೊಟ್ಟರು. ಕೂಲರುಗಳ ನಡುವೆಯೂ ಒಂದೊಂದು ಅಕ್ಷರ ಕೇಳಿಸಿತು, ಗೋತ್ರವೂ ಕೇಳಿಸಿತು. ಒಂದನ್ನೂ ಬಿಡದೆ ತಿರುಗಿ ಹೇಳಿದೆ. ದೇವರು ದೊಡ್ಡವನು.

ಆದರೆ ಆಚಾರ್ಯರು ಮಂಟಪದ ತಗಡು ಹಾರುವ ಹಾಗೆ ಒದರುತ್ತಿದ್ದರು. ನಡುವೆ ಅವರು ಉಸಿರು ಎಳೆದುಕೊಂಡಾಗ ಬಗ್ಗಿ ಹೇಳಿದೆ, “ಆಚಾರ್ಯರ, ಮೆಲ್ಲಗ ಹೇಳ್ರಿ. ನನಗ ಛಲೋ ಕೇಳಸ್ತದ.”

“ನಿಮಗ ಕೇಳಸ್ತದ ಅನ್ನೋದು ಗೊತ್ತದ ರಾಯರ,” ಎಂದರು ಆಚಾರ್ಯರು. “ಒದರೋದು ನಿಮ್ಮ ಅಳಿಯಂದಿರ ಸಲುವಾಗಿ. ಸೀಟಿ ಹೊಡೆದಾಗಿನಿಂದ ಅವರಿಗೆ ಏನೂ ಕೇಳಸವಲ್ಲದಂತ!”