ಪಾತಣ್ಣ ಕೊಂದನಂತೆ

ಮಂಗಳಗೌರಿ ಎರಡು ವರ್ಷದ ಹಿಂದೆ ಒಂದು ಕೊಲೆ ಮಾಡಿ, ಚಳ್ಳಕೆರೆಯಲ್ಲಿ ಯಾರಿಗೂ ಗೊತ್ತಾಗದಂತೆ ಅದನ್ನು ಇನ್ನೂರು ಪುಟದ ನೋಟುಪುಸ್ತಕದೊಳಗೆ ಮುಚ್ಚಿಟ್ಟಿದ್ದಳು. ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಹುಡುಗಿ ದಿನಚರಿ ಬರೆಯುತ್ತಾಳೆಂದೇ ಎಲ್ಲರೂ ತಿಳಿದಿದ್ದರು. ೧೯೯೯ರ ಬೇಸಿಗೆಯಲ್ಲಿ, ಅವಳು ಕದ್ದು ಬರೆದ ಪತ್ರಕ್ಕೆ ಉತ್ತರವಾಗಿ ಮೊಳಕಾಲ್ಮುರಿನಿಂದ ಒಂದು ಕಾರ್ಡು ಬಂದು ಗುಟ್ಟು ರಟ್ಟಾಯಿತು. ಅಲ್ಲಿ ಪತ್ತೇದಾರಿ ಕಾದಂಬರಿಕಾರರ ಸಮಾವೇಶ. ಹೊಸಬರು ತಮ್ಮ ಮೊದಲ ಅಧ್ಯಾಯ ಓದಬಹುದು. ಮೆಚ್ಚಿಗೆಯಾದದ್ದನ್ನು ದಾವಣಗೆರೆಯ ಪ್ರಕಾಶಕ ನಾಗೇಂದ್ರಪ್ಪನವರು ಅಚ್ಚು ಹಾಕಿಸುತ್ತಾರೆ. ಷರತ್ತು ಒಂದೇ: ಕೊಲೆಗಾರ ಯಾರೆಂದು ಬಾಯಿ ಬಿಡಬಾರದು.

ಅವ್ವ ಇನ್ನೊಂದು ಷರತ್ತು ಸೇರಿಸಿದಳು. ಹೋಗುವುದಾದರೆ ಪಕ್ಕದ ಮನೆ ರಂಗಕ್ಕನ ಜೊತೆಗೇ ಹೋಗಬೇಕು.

ರಂಗಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದೆಂದರೆ ಜರಡಿಯಲ್ಲಿ ನೀರು ನಿಂತಂತೆ. ಬಸ್ಸು ಚಳ್ಳಕೆರೆ ದಾಟುವ ಮೊದಲೇ ಅವಳು ನೋಟುಪುಸ್ತಕದ ಮೇಲೆ ಕಣ್ಣು ಹಾಕಿ, ಸತ್ತವರು ಯಾರು, ಕೊಂದವರು ಯಾರು ಎಂದು ಪೀಡಿಸತೊಡಗಿದಳು. ಹೇಳುವುದಿಲ್ಲ ಎನ್ನಲು ಮಂಗಳಗೌರಿಗೆ ಬಾಯಿ ಬರಲಿಲ್ಲ. ಹಿರಿಯರಿಗೆ ಇಲ್ಲವೆಂದು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಮಗ್ಗದ ಮಾಲೀಕ ಪಾತಣ್ಣನೇ ಹೆಂಡತಿಗೆ ಎಲೆಅಡಿಕೆಯಲ್ಲಿ ವಿಷವಿಟ್ಟನೆಂದು ಪಿಸುಗುಟ್ಟಿಬಿಟ್ಟಳು.

ರಂಗಕ್ಕ ಎದೆ ಮುಟ್ಟಿಕೊಂಡು ಹಿಂದಿನ ಸೀಟಿಗೆ ತಿರುಗಿದಳು. "ಯವ್ವಾ, ಕೇಳಿದ್ರಾ? ಪಾತಣ್ಣ ಹೆಂಡ್ತೀನ ಕೊಂದ್ನಂತೆ. ಎಲೆಅಡಿಕೇಲಿ ವಿಷ ಇಟ್ನಂತೆ."

ಕತೆಯನ್ನೂ ಸುದ್ದಿಯನ್ನೂ ಹೇಳಲು ನಮ್ಮಲ್ಲಿ ಇರುವುದು ಅದೊಂದೇ 'ಅಂತೆ'. ಹಿಂದಿನ ಸೀಟಿನವರು ಅದನ್ನು ಸುದ್ದಿಯೆಂದು ಹಿಡಿದುಕೊಂಡರು. ಕಂಡಕ್ಟರು ಟಿಕೆಟ್ಟಿನ ಜೊತೆ ಅದನ್ನೂ ಹರಿದು ಹಂಚಿದ. ತಳಕಿನಲ್ಲಿ ಟೀ ಕುಡಿಯಲು ಬಸ್ಸು ನಿಂತಾಗ ಪಾತಣ್ಣನಿಗೆ ಗಿರಿಜಾ ಮೀಸೆ ಬಂದಿತ್ತು. ಮುಂದಿನ ನಿಲ್ದಾಣದಲ್ಲಿ ಇನ್ನೊಬ್ಬ ಹೆಂಡತಿ ಬಂದಳು. ರಾಯದುರ್ಗಕ್ಕೆ ಹೊರಟಿದ್ದ ಮುದುಕರೊಬ್ಬರು, "ಪಾಪಂ, ನಂಗೆ ಅವನು ಸಣ್ಣೋನಿದ್ದಾಗ್ಲಿಂದ ಗೊತ್ತು," ಎಂದು ಕಣ್ಣೊರೆಸಿಕೊಂಡರು. ಅದು ಕತೆ ಎನ್ನಲು ಮಂಗಳಗೌರಿ ಮೂರು ಸಲ ಎದ್ದಳು. ಮೂರು ಸಲವೂ ಮಾತು ಗಂಟಲವರೆಗೆ ಬಂದು, ಚಪ್ಪಲಿ ಬಿಟ್ಟು ಒಳಗೆ ಹೋಗಿಬಿಟ್ಟಿತು.

ಸಮಾವೇಶದ ಸಭಾಂಗಣಕ್ಕೆ ಅವರಿಗಿಂತ ಮೊದಲೇ ಪಾತಣ್ಣ ತಲುಪಿದ್ದ. ಬಾಗಿಲಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಪತ್ತೇದಾರಿ ಲೇಖಕರೆಲ್ಲ, ಪೊಲೀಸರು ಅವನನ್ನು ಹಿಡಿದರೋ ಇಲ್ಲವೋ ಎಂದು ವಾದಿಸುತ್ತಿದ್ದರು.

ಮಧ್ಯಾಹ್ನ ಅವಳ ಸರದಿ ಬಂತು. ಮೈಕಿನ ಮುಂದೆ ನಿಂತು, ಹೊರಗಿನ ಬೇವಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ತನ್ನದೇ ದನಿ ಕೇಳಿ ಬೆಚ್ಚಿ, ಓದತೊಡಗಿದಳು. ಎರಡನೇ ಪುಟದಲ್ಲಿ ಹೆಂಡತಿ ಎಲೆಅಡಿಕೆ ಬಾಯಿಗಿಟ್ಟಳೋ ಇಲ್ಲವೋ, ಮುಂದಿನ ಸಾಲಿನಿಂದ ಯಾರೋ, "ಓ, ಇದು ಪಾತಣ್ಣಂದು," ಎಂದರು.

ನಾಗೇಂದ್ರಪ್ಪನವರು ಕೈ ಎತ್ತಿದರು. "ನಿಲ್ಲಿಸಮ್ಮ. ಇಲ್ಲಿ ಕಲ್ಪನೆಗೆ ಮಾತ್ರ ಜಾಗ. ಬೆಳಿಗ್ಗೆ ಆದ ಕೊಲೆನ ಮಧ್ಯಾಹ್ನಕ್ಕೆ ಬರ್ಕೊಂಡು ಬಂದ್ರೆ ಅದು ಪೇಪರ್ ಆಗ್ತೈತೆ, ಕಾದಂಬರಿ ಆಗಲ್ಲ."

ಹುಡುಗಿಯ ಮಾನ ಉಳಿಸಲು ರಂಗಕ್ಕ ಎದ್ದು ನಿಂತಳು. "ಸುಳ್ಳು ಬರಿಯೋ ಹುಡುಗಿ ಅಲ್ಲ ಸ್ವಾಮಿ. ಅವಳು ಬರೆದಿದ್ದೆಲ್ಲ ನಿಜಾನೇ. ನಾನೇ ಸಾಕ್ಷಿ."

ಎರಡು ವರ್ಷ ಕದ್ದುಮುಚ್ಚಿ ಬರೆದದ್ದು ಒಂದು ಒಳ್ಳೆಯ ಮಾತಿನಿಂದ ಮುಳುಗುವುದನ್ನು ಕಂಡು ಮಂಗಳಗೌರಿಯ ನಾಲಗೆ ಮೊದಲ ಬಾರಿಗೆ ಬಿಚ್ಚಿತು. "ಪಾತಣ್ಣ ಅನ್ನೋನು ಇಲ್ಲ ಸಾರ್. ಅವನ ಹೆಂಡ್ತೀನೂ ಇಲ್ಲ. ನಾನೇ ಹುಟ್ಟಿಸ್ದೆ, ನಾನೇ ಕೊಂದೆ. ಪುಟಪುಟಕ್ಕೂ ತಾರೀಕು ಐತೆ, ನೋಡಿ."

ನಾಗೇಂದ್ರಪ್ಪನವರು ನೋಟುಪುಸ್ತಕ ತಿರುವಿದರು. ತಾರೀಕು ನೋಡಲು ಹೋದವರು ಅಧ್ಯಾಯಕ್ಕೆ ಸಿಕ್ಕಿಬಿದ್ದರು. ಕಾಲು ಗಂಟೆ ಕನ್ನಡಕ ತೆಗೆಯಲಿಲ್ಲ. ಕೊನೆಗೆ, ಮೂರು ವರ್ಷದಿಂದ ಇಂಥ ಹಸ್ತಪ್ರತಿ ತಾವು ಕಂಡಿಲ್ಲವೆಂದು ಹೇಳಿ, ಒಪ್ಪಿಗೆ ಬರೆಯಲು ಪೆನ್ನಿನ ಮುಚ್ಚಳ ತೆಗೆದರು. ಪೆನ್ನು ಕಾಗದದ ಮೇಲೆ ನಿಂತೇಬಿಟ್ಟಿತು.

"ಆದ್ರೆ ಯಾರು ಕೊಳ್ತಾರಮ್ಮ? ಕೊಲೆಗಾರ ಯಾರು ಅಂತ ಚಳ್ಳಕೆರೆಯಿಂದ ರಾಯದುರ್ಗದ ತನಕ ಗೊತ್ತಾಗೈತೆ."

"ಬೇರೆ ಕೊಲೆಗಾರನ್ನ ಹಾಕ್ತೀನಿ ಸಾರ್," ಎಂದಳು ಮಂಗಳಗೌರಿ. ಹೊಳೆಯುವುದು ತಡವಾಗಲಿಲ್ಲ, ಕಣ್ಣು ಅರಳಿತು. "ಕೊನೇ ಎರಡು ಅಧ್ಯಾಯ ತಿದ್ದಿದ್ರೆ ಸಾಕು. ಈ ಸಲ ಯಾರೂ ಊಹೆ ಮಾಡಂಗಿಲ್ಲ."

ನಾಗೇಂದ್ರಪ್ಪನವರ ಮುಖ ಗೆಲುವಾಯಿತು. ಹಾಗಾದರೆ ಆಯಿತು, ಆದರೆ ಈ ಹೆಸರು ತಮಗೂ ಹೇಳಕೂಡದು ಎಂದು ಕಾಗದಕ್ಕೆ ಪೆನ್ನು ತಾಗಿಸಿದರು.

ಅಷ್ಟರಲ್ಲಿ ವೇದಿಕೆ ಹತ್ತಿ ಬಂದ ರಂಗಕ್ಕ ಅವಳ ಭುಜ ಹಿಡಿದು ಕಿವಿ ಹತ್ತಿರ ತಂದಳು. "ಯಾರನ್ನ ಹಾಕ್ತೀಯೇ ಗೌರಿ? ನನ್ನೊಬ್ಳಿಗೆ ಹೇಳು. ಉಸಿರು ಬಿಟ್ರೆ ಕೇಳು."

ಹಿರಿಯರಿಗೆ ಇಲ್ಲವೆನ್ನಲಾರದ ಮಂಗಳಗೌರಿ ಆಚೀಚೆ ನೋಡಿ, ಸೆರಗು ಅಡ್ಡ ಹಿಡಿದು, ಸೊಳ್ಳೆಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಡಾಕ್ಟರು, ರಂಗಕ್ಕ," ಎಂದಿತು ಬೇವಿನ ಮರ.