ಕಾಕಾನ ಕೂ

ನಮ್ಮ ಕಾಕಾ ಯಾರ ಮನೆಯ ಬಾಗಿಲನ್ನೂ ಬಡಿದವನಲ್ಲ. ಬೆಲ್ ಒತ್ತಿದವನಂತೂ ಅಲ್ಲವೇ ಅಲ್ಲ. ಓಣಿಯ ತುದಿಯಲ್ಲೇ ನಿಂತು, ಬಾಯಿಗೆ ಎರಡೂ ಕೈ ಹಿಡಿದು "ಕೂ...!" ಎನ್ನುತ್ತಾನೆ. ಅಕ್ಕಿಆಲೂರಿನ ನಾಯಿಗಳೆಲ್ಲ ಎದ್ದು ಕೂರುತ್ತವೆ!

ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಹಾನಗಲ್ಲಿನ ಪಡುವಣಕ್ಕೆ ಗದ್ದೆ ಮುಗಿದು ಗುಡ್ಡ, ಕಾಡು ಶುರುವಾಗುತ್ತದಲ್ಲ, ಅಲ್ಲಿನ ಗೌಳಿಗರ ಎಮ್ಮೆಗಳಿಗೆ ಸೂಜಿ ಚುಚ್ಚುತ್ತ ಅರ್ಧ ಆಯುಷ್ಯ ಕಳೆದ. ಅಲ್ಲಿ ಗುಡ್ಡಕ್ಕೊಂದು ಮನೆ. ಬರುವವರು ದೂರದಿಂದಲೇ ಕೂ ಹೊಡೆಯಬೇಕು, ಮನೆಯವರು ತಿರುಗಿ ಕೂ ಎನ್ನಬೇಕು, ಆಮೇಲೆಯೇ ಅಂಗಳಕ್ಕೆ ಕಾಲಿಡುವುದು. ಒಳ್ಳೆಯ ರೂಢಿಯೇ! ಆದರೆ ಶಿಗ್ಗಾಂವಕ್ಕೆ ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋದಾಗಲೂ ಅದನ್ನು ಪಾಲಿಸಬೇಕೇ? "ಮನೆತನಾ ಚೊಲೋ ಐತ್ರಿ, ಆದ್ರ ಆ ಹಿರ್ಯಾರು ಯಾಕ ಹಂಗ ಒದರ್ತಾರ?" ಎಂದು ಹೆಣ್ಣಿನವರು ಹೇಳಿ ಕಳಿಸಿದರು. ಸಂಬಂಧ ಅಲ್ಲಿಗೇ ಮುಗಿಯಿತು.

ಎಲ್ಲರಿಗಿಂತ ಹೆಚ್ಚು ನಾಚಿಕೆ ಅವನ ಹೆಂಡತಿಗೆ, ನಮ್ಮ ಚಿಗವ್ವನಿಗೆ. ಈ ಮಹಾರಾಯ ಸಂಜೆ ಸ್ವಂತ ಮನೆಯ ಮುಂದೆಯೂ ಕೂ ಹೊಡೆದು ಉತ್ತರಕ್ಕೆ ಕಾಯುತ್ತ ನಿಲ್ಲುವನು!

"ಸಾಕ್ ಮಾಡ್ರಿ, ಮಂದಿ ನೋಡಾಕತ್ತಾರ. ಒಳಗ ಬರ್ರಿ!" ಎಂದು ಅವಳು ಗದರುವಳು. ಇವನು ಚಪ್ಪಲಿ ಬಿಟ್ಟು ಒಳಗೆ ಬರುವನು.

ಹೋದ ಮಳೆಗಾಲ ಮುಗಿದ ಮೇಲೆ, "ಗೌಳಿ ದೋಸ್ತನ್ನ ಮಾತಾಡ್ಸಿ ಮಧ್ಯಾಹ್ನಕ್ಕ ಬರ್ತೇನಿ" ಎಂದು ಒಬ್ಬನೇ ಕಾಡಿಗೆ ಹೋದ. ಸಂಜೆಯಾದರೂ ಪತ್ತೆಯಿಲ್ಲ. ಫೋನ್ ಹತ್ತಲಿಲ್ಲ. ನಾನು, ಚಿಗವ್ವ ಕಾರು ಹತ್ತಿದೆವು. ರಸ್ತೆ ಮುಗಿದಲ್ಲಿ ಬರೀ ಗುಡ್ಡ, ಸಾಗುವಾನಿ, ಮಂಜು. ಯಾವ ಕಾಲುದಾರಿ ಹಿಡಿಯುವುದು? ಹಾರ್ನ್ ಬಾರಿಸಿದೆ. "ಕಾಕಾ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಉತ್ತರವಿಲ್ಲ.

ಚಿಗವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಬಾಯಿಗೆ ಕೈ ಹಿಡಿದಳು.

"ಕೂ...!"

ಕಣಿವೆಯಾಚೆಯಿಂದ ಬಂತು ನೋಡಿ, "ಕೂ...!" ಅಬ್ಬಾ! ಹೋದ ಜೀವ ಬಂದಂತಾಗಿ ನಾನು ಅಲ್ಲೇ ಕುಸಿದು ಕೂತು ನಕ್ಕೆ.

ಆ ಕೂ ಬಂದ ದಿಕ್ಕು ಹಿಡಿದು ಹೋದರೆ, ಕಾಲು ಉಳುಕಿಸಿಕೊಂಡ ಪುಣ್ಯಾತ್ಮ ದೋಸ್ತನ ಅಂಗಳದಲ್ಲಿ ಆರಾಮಾಗಿ ಮಜ್ಜಿಗೆ ಕುಡಿಯುತ್ತಿದ್ದ!

"ಹಾರ್ನ್ ಕೇಳಲಿಲ್ಲೇನ್ರಿ?" ಚಿಗವ್ವ ಸಿಡುಕಿದಳು.

"ಕೇಳ್ತು. ಕಟಗಿ ಲಾರಿ ಅಂದ್ಕೊಂಡಿದ್ದೆ." ಆಮೇಲೆ ಮೆಲ್ಲಗೆ ಅಂದ, "ಕೂ ಕೇಳಿದ ಕೂಡ್ಲೆ ನಿನ್ನ ದನೀನ ಅಂತ ಗೊತ್ತಾತು. ಲಗ್ನ ಆದಾಗಿಂದ ಕಾಯಾಕತ್ತಿದ್ದೆ ನೋಡು."

ಚಿಗವ್ವ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಈಗಲೂ ಸಂಜೆ ಕಾಕಾ ಮನೆಯ ಮುಂದೆ ನಿಂತು ಕೂ ಹೊಡೆಯುತ್ತಾನೆ. ನಾಯಿಗಳು ಏಳುವ ಮುಂಚೆಯೇ ಅಡುಗೆಮನೆಯಿಂದ ಸಣ್ಣದೊಂದು ಕೂ ಬರುತ್ತದೆ. ಆಮೇಲೆಯೇ ಅವನು ಚಪ್ಪಲಿ ಬಿಡುವುದು.